ಕ್ಯಾಂಪಸ್ ಗೊಬ್ಬರ ನಾರಬಾರದೇ? ಮೊದಲು ತರಗೆಲೆ ಕೂಡಿಡಿ

ವಿಶ್ವವಿದ್ಯಾಲಯ ಬೆಳೆದಂತೆ ಹಾಸ್ಟೆಲ್ ಹೆಚ್ಚುತ್ತವೆ, ಮೆಸ್‌ನ ಹಸಿ ಕಸವೂ ಹೆಚ್ಚುತ್ತದೆ. ಜೂನ್ 5ರ ಪರಿಸರ ದಿನಕ್ಕೆ ಗೊಬ್ಬರದ ಗುಂಡಿ ಉದ್ಘಾಟನೆಯಾಗುತ್ತದೆ. ಮೂರನೇ ವಾರಕ್ಕೆ ನಾತ, ಆರನೇ ವಾರಕ್ಕೆ ಗುಂಡಿ ಮುಚ್ಚಿ ಮಣ್ಣು. ಇದನ್ನು ನಾನು ಹಲವು ಸಲ ನೋಡಿದ್ದೇನೆ. ಹಸಿ ಕಸದ ಲೆಕ್ಕ ಹಾಕಿದವರು ಒಣ ಎಲೆಯ ಲೆಕ್ಕ ಹಾಕಿರುವುದಿಲ್ಲ, ಅಷ್ಟೇ.

1. ತೂಗಿ. ಪ್ರತಿ ಮೆಸ್ಸಿನ ಹಸಿ ಕಸವನ್ನು ಒಂದು ವಾರ ತೂಕ ಮಾಡಿ, ಎಷ್ಟು ಬುಟ್ಟಿ ಅಂತಲೂ ಬರೆದಿಡಿ. ಎಲೆಯ ಲೆಕ್ಕಕ್ಕೆ ಇದು ಬೇಕು. ರಜಾ ದಿನವೂ ಸೇರಲಿ.

2. ಜಾಗ ಹುಡುಕಿ. ನೆರಳಿರಬೇಕು, ನೀರು ನಿಲ್ಲಬಾರದು, ನಲ್ಲಿ ಹತ್ತಿರವಿರಬೇಕು. ಕಟ್ಟಡ ವಿಭಾಗದವರ ಹತ್ತಿರ ಮುಂದಿನ ಐದು ವರ್ಷದ ನಕ್ಷೆ ಕೇಳಿ ನೋಡಿ. ಚೆನ್ನಾಗಿ ನಡೆಯುತ್ತಿದ್ದ ರಾಶಿಯ ಜಾಗದಲ್ಲೇ ಹೊಸ ಕಟ್ಟಡಕ್ಕೆ ಪಾಯ ತೋಡಿದ್ದನ್ನು ಕಂಡಿದ್ದೇನೆ. ಗುಂಡಿ ಮಾತ್ರ ಬೇಡ. ನೆಲದ ಮೇಲೆ ರಾಶಿ ಹಾಕಿದರೆ ಗಾಳಿ ಆಡುತ್ತದೆ, ಮಗುಚುವುದೂ ಸುಲಭ.

3. ಎಲೆ ಕೂಡಿಡಿ. ಎಲ್ಲರೂ ಎಡವುವುದು ಇಲ್ಲೇ. ಮೆಸ್ ಕಸ ದಿನಾ ಬರುತ್ತದೆ, ಎಲೆ ದಿನಾ ಉದುರುವುದಿಲ್ಲ. ಉದುರುವ ಕಾಲದಲ್ಲಿ ಅದಕ್ಕೆ ಬೆಂಕಿ ಹಚ್ಚಿ, ಆಮೇಲೆ ಮರದ ಹೊಟ್ಟು ಕೊಳ್ಳಲು ಟೆಂಡರ್ ಕರೆಯುವವರಿದ್ದಾರೆ! ಒಂದು ಬುಟ್ಟಿ ಹಸಿ ಕಸಕ್ಕೆ ಎರಡರಿಂದ ಮೂರು ಬುಟ್ಟಿ ಒಣ ಎಲೆ ಬೇಕು. ಇಷ್ಟು ಎಲೆಯನ್ನು ಸೂರಿನಡಿ, ಮಳೆ ಬೀಳದಂತೆ ಇಡಿ. ಪುಡಿ ಮಾಡಿಟ್ಟರೆ ಜಾಗ ಉಳಿಯುತ್ತದೆ, ಬೇಗ ಕೊಳೆಯುತ್ತದೆ. ಮುಂದಿನ ವರ್ಷ ಹೊಸ ಹಾಸ್ಟೆಲ್ ತೆರೆಯುವುದಿದ್ದರೆ ಅದರ ಪಾಲಿನ ಎಲೆಯನ್ನು ಈ ವರ್ಷವೇ ಕೂಡಿಡಬೇಕು. ಕಟ್ಟಡ ಕೆಲಸ ನಡೆಯುವ ಕಡೆ ಗುಡಿಸಿದ್ದು ಬೇಡ, ಅದರಲ್ಲಿ ಸಿಮೆಂಟು, ತಂತಿ ಎಲ್ಲ ಇರುತ್ತದೆ.

4. ಬೆರೆಸಿ. ಎಲೆಗೆ ಯಾಕಿಷ್ಟು ಒತ್ತು ಅಂದರೆ, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಹಸಿ ಕಸದಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಎಲೆ ಕಮ್ಮಿಯಾದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಜೊತೆಗೆ ರಾಶಿ ಕೆಸರಾಗಿ ಗಾಳಿ ಹೋಗದೆ, ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಹುಟ್ಟುತ್ತದೆ. ಪರಿಸರಕ್ಕೆಂದು ಶುರು ಮಾಡಿ ಕೊನೆಗೆ ಪರಿಸರಕ್ಕೇ ಕೇಡು ಮಾಡಿದಂತಾಯಿತು, ಅಲ್ವಾ?

ಮೆಸ್ ಕಸದ ನೀರು ಮೊದಲು ಬಸಿದುಹೋಗಲಿ. ರಾಶಿಯ ತಳಕ್ಕೆ ಒಂದು ಗೇಣು ಎಲೆ, ಅದರ ಮೇಲೆ ಎಲೆ ಬೆರೆಸಿದ ಹಸಿ ಕಸ, ಎಲ್ಲಕ್ಕಿಂತ ಮೇಲೆ ಮತ್ತೆ ಎಲೆಯ ಹೊದಿಕೆ. ಹಸಿ ಕಸ ಕಣ್ಣಿಗೆ ಕಾಣಲೇಬಾರದು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ. ಒಂದೆರಡು ಹನಿ ತೊಟ್ಟಿಕ್ಕಿದರೆ ಸರಿ. ನೀರು ಸುರಿದರೆ ಎಲೆ ಸೇರಿಸಿ, ಕೈ ಒದ್ದೆಯೇ ಆಗದಿದ್ದರೆ ನೀರು ಚಿಮುಕಿಸಿ.

ಕೊಳೆಸುವ ಸೂಕ್ಷ್ಮಜೀವಿಗಳಿರುವ ಅಂಗಡಿಯ ಕಲ್ಚರ್ ಪುಡಿಗೆ ದುಡ್ಡು ಸುರಿಯಬೇಡಿ, ಹಳೆಯ ಗೊಬ್ಬರ ಒಂದು ಬುಟ್ಟಿ ಸಾಕು. ‘24 ಗಂಟೆಯಲ್ಲಿ ಗೊಬ್ಬರ’ ಅನ್ನುವ ಯಂತ್ರಗಳ ಮಾತಿಗೂ ಮರುಳಾಗಬೇಡಿ. ಅಷ್ಟರಲ್ಲಿ ಕಸ ಬಿಸಿಯಾಗಿ ಒಣಗಿ ಪುಡಿಯಾಗಿರುತ್ತದೆ, ಅಷ್ಟೇ. ನೀರು ಬಿದ್ದರೆ ಮತ್ತೆ ನಾರುತ್ತದೆ. ‘ಕೊಳೆಯುವ’ ಪ್ಲಾಸ್ಟಿಕ್ ಚಮಚ ಕೂಡ ಬೇಡ. ಅದಕ್ಕೆ ದೊಡ್ಡ ಘಟಕಗಳ ಬಿಸಿ ಬೇಕು. ಪೇಪರ್ ಲೋಟದ ಒಳಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಪದರ ಇರುತ್ತದೆ.

5. ಮಗುಚಿ. ರಾಶಿ ಉದ್ದ, ಅಗಲ, ಎತ್ತರದಲ್ಲಿ ಒಂದೊಂದು ಮೀಟರ್ ಆದರೂ ಇರಲಿ, ಸಣ್ಣದರಲ್ಲಿ ಬಿಸಿ ನಿಲ್ಲುವುದಿಲ್ಲ. ನಾಲ್ಕೈದು ದಿನದಲ್ಲಿ ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಬೇಕು. ರೋಗಾಣು, ಕಳೆಬೀಜ ಸಾಯುವುದು ಈ ಬಿಸಿಯಲ್ಲೇ. 65 ದಾಟಿದರೆ ಕೆಲಸ ಮಾಡುವ ಜೀವಿಗಳೂ ಸಾಯತೊಡಗುತ್ತವೆ, ತಕ್ಷಣ ಮಗುಚಿ. ಉಳಿದಂತೆ ವಾರಕ್ಕೊಮ್ಮೆ ಮಗುಚಿ, ಹೊರಗಿನದು ಒಳಗೆ ಹೋಗಲಿ. ತುಂಬಿದ ರಾಶಿಗೆ ಹೊಸ ಕಸ ಹಾಕಬೇಡಿ, ಪಕ್ಕದಲ್ಲಿ ಇನ್ನೊಂದು ಶುರು ಮಾಡಿ.

6. ಕಾಯಿರಿ. ಬಿಸಿ ಆರಿದ ಮೇಲೆ ಒಂದೆರಡು ತಿಂಗಳು ಸುಮ್ನೆ ಬಿಡಿ, ಆಮೇಲೆ ಜರಡಿ ಹಿಡಿಯಿರಿ. ಹೊಸ ಗಿಡಗಳಿಗೆ ಹಾಕುವ ಮೊದಲು ಒಂದು ಕುಂಡದಲ್ಲಿ ಮಣ್ಣಿಗೆ ಬೆರೆಸಿ ಹತ್ತು ಬೀಜ ಬಿತ್ತಿ. ಮೊಳಕೆ ಸುಟ್ಟಂತೆ ಕಂಡರೆ ಗೊಬ್ಬರ ಇನ್ನೂ ಹಸಿ. ಎರಡು ವಾರ ಬಿಟ್ಟು ಮತ್ತೆ ಹತ್ತು ಬೀಜ ಹಾಕಿ ನೋಡಿ.