ಮಂಗಳೂರಲ್ಲಿ ಕೂತು ವೈನ್ ಕಲಿಯೋದು ಹೇಗೆ, ಟೂರ್ ಹೋಗೋದು ಯಾವಾಗ

ವೈನ್ ಕಲಿಬೇಕು ಅಂತ ಸುಮಾರು ಜನ ಸೀದಾ ಮಹಾರಾಷ್ಟ್ರದ ವೈನ್ ತೋಟಗಳ ಊರು ನಾಸಿಕಕ್ಕೆ ಟಿಕೆಟ್ ಮಾಡ್ತಾರೆ, ಅಲ್ಲಿ ನಾಲ್ಕೈದು ಗ್ಲಾಸ್ ಸಾಲಾಗಿ ಇಟ್ಟು ಪರಿಮಳ ನೋಡಿ ಅಂತಾರೆ, ಇವರಿಗೆ ಎಲ್ಲಾ ಒಂದೇ ಥರ ಹುಳಿ ಅನ್ನಿಸ್ತದೆ, ಫೋಟೋ ಹೊಡ್ದು ವಾಪಸ್ ಬರ್ತಾರೆ. ಅದನ್ನೇ ಉಲ್ಟಾ ಮಾಡಿ ಮಾರ್ರೆ. ಮೊದಲು ಮನೆಯಲ್ಲಿ, ನಮ್ಮದೇ ಊಟದ ಜೊತೆ, ವಾರಕ್ಕೊಮ್ಮೆ ಒಂದು ಗ್ಲಾಸ್ ಕುಡಿದು ನಾಲಿಗೆಗೆ ಅಭ್ಯಾಸ ಮಾಡ್ಸಿ, ಆಮೇಲೆ ತೋಟ ನೋಡ್ಲಿಕ್ಕೆ ಹೋಗಿ. 21 ವರ್ಷ ಆಗದವರಿಗೆ ಇದು ಅಲ್ಲವೇ ಅಲ್ಲ.

ಬಾಟ್ಲಿ ತಗೊಳ್ಳುವಾಗ ಬ್ರಾಂಡ್‌ಗಿಂತ ಮೊದಲು ಅಂಗಡಿ ನೋಡಿ. ನಮ್ಮ ಸೆಕೆಗೆ ಶೆಲ್ಫಲ್ಲಿ ತಿಂಗಳುಗಟ್ಟಲೆ ನಿಂತ ವೈನ್ ಸತ್ತೇ ಹೋಗ್ತದೆ, ಹಾಗಾಗಿ ಏಸಿ ಇರುವ ಅಂಗಡಿ, ಫ್ರಿಜ್ಜಲ್ಲಿಟ್ಟ ಬಾಟ್ಲಿ, ಲೇಬಲಲ್ಲಿ ವರ್ಷ ಇದ್ರೆ ಬಿಳಿ ವೈನ್ ಆದಷ್ಟು ಹೊಸದು. ತಿರುಗಿಸುವ ಮುಚ್ಚಳ ಇದ್ರೆ ಕಮ್ಮಿ ಮಾಲು ಅಂತ ಎಣಿಸ್ಬೇಡಿ, ದಿನಬಳಕೆಗೆ ಅದೇ ಒಳ್ಳೇದು.

ಶುರುವಿಗೆ ಒಂದೇ ಕಂಪೆನಿಯ ಎರಡು ಬಿಳಿ ವೈನ್ ತನ್ನಿ, ಸುಲದ್ದೇ ಆಗ್ಬಹುದು, ಒಂದು ಸೊವಿನ್ಯೋ ಬ್ಲಾಂಕ್, ಒಂದು ಶೆನಿನ್ ಬ್ಲಾಂಕ್, ಸಣ್ಣ ಬಾಟ್ಲಿ ಸಿಕ್ಕಿದ್ರೆ ಇನ್ನೂ ಲಾಯ್ಕ. ಎರಡು ಗ್ಲಾಸಲ್ಲಿ ಸ್ವಲ್ಪ ಸ್ವಲ್ಪ ಹಾಕಿ ಒಂದರ ಹಿಂದೆ ಒಂದು ಮೂಸಿ ನೋಡಿ. ಮೊದಲಿನದ್ದರಲ್ಲಿ ಹಸಿ ಕ್ಯಾಪ್ಸಿಕಂ, ಲಿಂಬೆ ಸಿಪ್ಪೆ ಪರಿಮಳ ಬರ್ತದೆ, ಎರಡನೇದು ಸ್ವಲ್ಪ ಸಿಹಿ, ಹಣ್ಣಾದ ಪೇರಳೆ ಕೊಯ್ದ ಹಾಗೆ. ಒಂದೊಂದೇ ಕುಡಿದ್ರೆ ಈ ವ್ಯತ್ಯಾಸ ಜನ್ಮದಲ್ಲಿ ಗೊತ್ತಾಗುದಿಲ್ಲ, ಪಕ್ಕಪಕ್ಕ ಇಟ್ರೆ ಎರಡೇ ನಿಮಿಷ. ಅನ್ನಿಸಿದ್ದನ್ನು ಮೊಬೈಲಲ್ಲಿ ನಿಮ್ಮ ಮಾತಲ್ಲೇ ಬರ್ದಿಡಿ.

ಕೆಂಪು ವೈನ್ ರೂಮ್ ಟೆಂಪರೇಚರಲ್ಲಿ ಕುಡಿಬೇಕು ಅಂತ ಹೇಳ್ತಾರಲ್ಲ, ಅದು ಚಳಿ ದೇಶದ ರೂಮ್. ಅದಕ್ಕೆ ಬೇಕಾದ್ದು 16ರಿಂದ 18 ಡಿಗ್ರಿ, ಏಪ್ರಿಲಲ್ಲಿ ನಮ್ಮ ಹಾಲಲ್ಲಿ 30ರ ಮೇಲೆ ಇರ್ತದೆ, ಆಗ ಗ್ಲಾಸ್ ಹತ್ರ ತಂದ ಕೂಡ್ಲೇ ಮೂಗಿಗೆ ಹೊಡೆಯುದು ಬರೀ ಆಲ್ಕೋಹಾಲ್, ಹಣ್ಣಿನ ಪರಿಮಳ ಎಲ್ಲಿ ಹೋಯ್ತು ಅಂತಲೇ ಗೊತ್ತಾಗುದಿಲ್ಲ. ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ತೆಗೀರಿ. ತೆರೆದ ಬಾಟ್ಲಿ ಯಾವುದಾದ್ರೂ ಮುಚ್ಚಳ ಹಾಕಿ ಫ್ರಿಜ್ಜಲ್ಲೇ ಇಟ್ಟು ಎರಡು ಮೂರು ದಿನದೊಳಗೆ ಮುಗ್ಸಿ.

ಇನ್ನು ಊಟ, ಕಲಿಯೋದೆಲ್ಲ ಇಲ್ಲೇ ಉಂಟು. ಬಂಗುಡೆ ಪುಳಿಮುಂಚಿಗೆ ಕ್ಯಾಬರ್ನೆ ಅನ್ನುವ ಕೆಂಪು ವೈನ್ ಕುಡಿದು ನೋಡಿ, ಒಮ್ಮೆ ಬೇಕಂತಲೇ. ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರುವ ಒಗರು ಮೆಣಸಿನ ಖಾರವನ್ನು ಇನ್ನೂ ಕೆರಳಿಸ್ತದೆ, ಅದರ ಮೇಲೆ ಕೆಂಪು ವೈನಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆ ಜೊತೆ ಸೇರಿದಾಗ ಬಾಯಲ್ಲಿ ಒಂಥರಾ ಮೀನು ನಾತ ಉಳೀತದೆ. ಅದೇ ಪುಳಿಮುಂಚಿಗೆ ತಣ್ಣಗಿನ ಶೆನಿನ್ ಬ್ಲಾಂಕ್, ಆ ಸಿಹಿ ಖಾರವನ್ನು ಹಿಡಿದು ಕೂರಿಸ್ತದೆ. ಕಾಣೆ ಮೀನಿನ ರವಾ ಫ್ರೈಗೆ ಲಿಂಬೆ ಹಿಂಡ್ತೇವಲ್ಲ, ಸೊವಿನ್ಯೋ ಬ್ಲಾಂಕಿನ ಹುಳಿ ಅದೇ ಕೆಲಸ ಮಾಡ್ತದೆ, ಎಣ್ಣೆ ಜಿಡ್ಡು ತೊಳೆದು ಮುಂದಿನ ತುತ್ತಿಗೆ ಬಾಯಿ ಕ್ಲೀನ್. ಶಿರಾಜ್ ಅನ್ನುವ ಕೆಂಪು ವೈನಿಗೆ ಕಾಳುಮೆಣಸಿನ ವಾಸನೆ ಉಂಟು, ಅದಕ್ಕೆ ಹಂದಿ ಬಫಾತ್, ಇಡ್ಲಿ ಥರದ ಕುಚ್ಚಲಕ್ಕಿ ‘ಸಣ್ಣ’ ಇದ್ರೆ ಬೇರೇನೂ ಬೇಡ, ನನಗೆ ಮಂಗಳೂರಿನ ಬೆಸ್ಟ್ ಜೋಡಿ ಇದೇ. ಚಿಕನ್ ಘೀ ರೋಸ್ಟಿಗೆ ರೋಸೆ, ಅಂದ್ರೆ ಗುಲಾಬಿ ಬಣ್ಣದ ವೈನ್, ಆಗ್ತದೆ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿಗಳ ಜೊತೆ ಕೊಡುವ ಮನೆ ವೈನನ್ನೂ ಬಿಡ್ಬೇಡಿ, ಎಷ್ಟು ಸಕ್ಕರೆ, ಎಷ್ಟು ದಿನ ಭರಣಿಯಲ್ಲಿ ಅಂತ ಪಕ್ಕದ ಮನೆ ಆಂಟಿ ಹತ್ರ ಕೇಳಿ, ಹುದುಗು ಬರೋದಂದ್ರೆ ಎಂತ ಅಂತ ಅಷ್ಟು ಚೆಂದ ಬೇರೆ ಯಾರೂ ಹೇಳಿಕೊಡುದಿಲ್ಲ.

ಇಷ್ಟಾದ ಮೇಲೆ ಟೂರ್. ಕರ್ನಾಟಕದಲ್ಲೇ ಆದ್ರೆ ನಂದಿ ಬೆಟ್ಟದ ಬುಡದಲ್ಲಿ ಗ್ರೋವರ್ ವೈನ್ ಕಂಪೆನಿ, 1988ರಲ್ಲಿ ಶುರುವಾದದ್ದು, ಅವರ ಲಾ ರಿಸರ್ವ್ ಅನ್ನುವ ವೈನ್ ಕ್ಯಾಬರ್ನೆ, ಶಿರಾಜ್ ಎರಡೂ ದ್ರಾಕ್ಷಿ ಸೇರಿದ್ದು. ಬೆಂಗಳೂರಿಗೆ ರಾತ್ರಿ ಬಸ್ ಹತ್ತಿದ್ರೆ ಬೆಳಿಗ್ಗೆ ತಲುಪ್ತೀರಿ, ಟೂರ್ ಮೊದಲೇ ಬುಕ್ ಮಾಡಿ. ನಾಸಿಕಕ್ಕಾದ್ರೆ ಮತ್ಸ್ಯಗಂಧ ರೈಲಲ್ಲಿ ಮುಂಬೈ, ಅಲ್ಲಿಂದ ಮುಂದೆ. ಜನವರಿಯಿಂದ ಮಾರ್ಚ್ ಒಳಗೆ ಹೋಗಿ, ಆಗ ಕೊಯ್ಲು. ಯುರೋಪಲ್ಲಿ ಸೆಪ್ಟೆಂಬರಲ್ಲಿ ಕೊಯ್ತಾರೆ, ಇಲ್ಲಿ ಮಳೆ ಮುಗಿದ ಮೇಲೆ ಬಳ್ಳಿ ಕತ್ತರಿಸಿ ಚಳಿಗಾಲದಲ್ಲಿ ಹಣ್ಣಾಗುವ ಹಾಗೆ ಮಾಡ್ತಾರೆ, ಒಣ ಹವೆ, ತಂಪು ರಾತ್ರಿ ಇದ್ರೆ ಹುಳಿ ಉಳೀತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ನಮ್ಮೂರಲ್ಲಿ ವೈನ್ ದ್ರಾಕ್ಷಿ ಯಾಕೆ ಇಲ್ಲ ಅಂತಲೂ ಅಲ್ಲೇ ಅರ್ಥ ಆಗ್ತದೆ.

ಅಲ್ಲಿ ತೊಟ್ಟಿ ಹತ್ರ ನಿಂತು ಕೆಲಸದವರನ್ನು ಮಾತಾಡ್ಸಿ, ರಸದಲ್ಲಿ ದ್ರಾಕ್ಷಿ ಸಿಪ್ಪೆ ಎಷ್ಟು ದಿನ ಇಡ್ತೀರಿ, ಮರದ ಪೀಪಾಯಿಗೆ ಯಾವುದು ಹೋಗ್ತದೆ ಅಂತ ಕೇಳಿ. ರುಚಿ ನೋಡಿ ಉಗುಳೋದಕ್ಕೆ ನಾಚಿಕೆ ಬೇಡ, ಎಲ್ಲಾ ನುಂಗಿದ್ರೆ ಮೂರನೇ ಗ್ಲಾಸಿಂದ ನಾಲಿಗೆ ಕೆಲಸ ಮಾಡುದಿಲ್ಲ. ಗಾಡಿ ಮಾತ್ರ ನೀವು ಓಡಿಸ್ಬೇಡಿ, ಕ್ಯಾಬ್ ಮಾಡಿ. ಬೇರೆ ರಾಜ್ಯದಿಂದ ಬಾಟ್ಲಿ ತರೋದಕ್ಕೆ ಅಬಕಾರಿ ರಗಳೆ ಉಂಟು, ಗೋವಾದಿಂದಾದ್ರೆ ಪರ್ಮಿಟ್ ಬೇಕು, ಅದರ ಬದಲು ಇಷ್ಟ ಆದ ಲೇಬಲಿನ ಫೋಟೋ ತೆಗ್ದು ಬಂದು ಇಲ್ಲಿ ಅಂಗಡಿಯವರ ಹತ್ರ ತರಿಸಿ ಕೊಡ್ತೀರಾ ಕೇಳಿ.