ಎರಿ ಮಣ್ಣಿನ ಊರಲ್ಲಿ ಹಿರಿಯರ ದಾರಿ: ಪಂಚಾಯ್ತಿ ಕೆಲಸದ ಅನುಭವ

ಗದಗ ಸೀಮೆಯ ಎರಿ (ಕಪ್ಪು ಮಣ್ಣಿನ) ಊರುಗಳಲ್ಲಿ ಹಿರಿಯರಿಗೆ ಅನುಕೂಲ ಮಾಡಲು ನಾವು ಹೊಸ ಕಟ್ಟಡ ಕೇಳುವುದಿಲ್ಲ. ಮೊದಲು ಹಿಡಿಯುವುದು ದಾರಿ. ಓಣಿಯ ತುದಿಯಿಂದ ರೇಷನ್ ಅಂಗಡಿ, ಅಂಚೆ ಕಚೇರಿ, ಬಸ್ ನಿಲ್ದಾಣದವರೆಗೆ ಕೋಲು ಹಿಡಿದ ಅಜ್ಜನೊಬ್ಬನ ಜೊತೆ ಅವನ ನಡಿಗೆಯಲ್ಲೇ ಹೋಗಬೇಕು. ಅವನು ನಿಂತು ಸುಧಾರಿಸಿಕೊಳ್ಳುವ ಕಡೆ ಸುಣ್ಣದ ಗುರುತು ಹಾಕಬೇಕು. ಕೂರುವ ಕಟ್ಟೆ ಬರಬೇಕಾದದ್ದು ಅಲ್ಲಿ. ನಕ್ಷೆ ನೋಡಿ ಆರಿಸಿದ ಜಾಗ ಬಹಳ ಸಲ ಮಧ್ಯಾಹ್ನದ ಬಿಸಿಲಿಗೆ ಸಿಗುತ್ತದೆ.

ಕಟ್ಟೆಯ ಎತ್ತರ 18 ಇಂಚು. ತಗ್ಗಾದರೆ ಮೊಣಕಾಲು ನೋವಿನವರಿಗೆ ಏಳಲಾಗದು, ಎತ್ತರವಾದರೆ ಪಾದ ನೆಲ ಮುಟ್ಟದು. ಬೆನ್ನಿನ ಆಸರೆಗಿಂತ, ಕೈ ಊರಿ ಏಳಲು ಬದಿಯ ಹಿಡಿಕೆ ಮುಖ್ಯ.

ಹೆಚ್ಚು ಕೆಡುವುದು ಪಂಚಾಯ್ತಿ ಬಾಗಿಲಿನ ಇಳಿಜಾರು. ಅಳತೆ 1:12, ಅಂದರೆ ಒಂದೂವರೆ ಅಡಿ ಎತ್ತರಕ್ಕೆ 18 ಅಡಿ ಉದ್ದ. ಜಾಗವಿಲ್ಲವೆಂದು 6 ಅಡಿಗೆ ಮುಗಿಸಿದರೆ ಅದು ಬೈಕ್ ಹತ್ತಿಸುವ ದಾರಿ, ಅಷ್ಟೇ. ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಬಹುದು. ಅಗಲ 4 ಅಡಿ, ಎರಡೂ ಬದಿ ಸುಮಾರು 3 ಅಡಿ ಎತ್ತರದ ಕಟಾಂಜನ. ಮೇಲ್ಮೈಗೆ ನುಣುಪು ಗ್ರಾನೈಟ್ ಬೇಡ. ಹಸಿ ಕಾಂಕ್ರೀಟಿನ ಮೇಲೆ ಅಡ್ಡಡ್ಡ ಕಸಬರಿಗೆ ಎಳೆದರೆ ಹಿಡಿತ ಸಿಗುತ್ತದೆ.

ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನೇರ ಕಾಂಕ್ರೀಟ್ ಹಾಕಿದರೆ ಇಳಿಜಾರು ಕಟ್ಟಡದಿಂದ ಬೇರೆಯಾಗಿ ಎಡವುವ ಮೆಟ್ಟಿಲು ಹುಟ್ಟುತ್ತದೆ. ಕನಿಷ್ಠ 2-3 ಅಡಿ ಮಣ್ಣು ತೆಗೆದು ಗರಸು (ಗಟ್ಟಿ ಜಲ್ಲಿಮಣ್ಣು) ತುಂಬಬೇಕು: 6 ಇಂಚಿನ ಪದರ, ನೀರು, ದಮ್ಮಸು, ಮತ್ತೆ ಪದರ. ಅಗ್ಗವೆಂದು ಉಸುಕು ತುಂಬಬಾರದು, ನೀರು ಅದರಲ್ಲೇ ನಿಂತು ಕೆಳಗಿನ ಎರಿಯನ್ನು ಉಬ್ಬಿಸುತ್ತದೆ. ಗೋಡೆಗೂ ಇಳಿಜಾರಿಗೂ ನಡುವೆ ಅರ್ಧ ಇಂಚು ಸಂದು ಬಿಟ್ಟು ಡಾಂಬರು ತುಂಬಿ. ಮಾಳಿಗೆಯ ನೀರಿನ ಪೈಪು ಅಲ್ಲೇ ಸುರಿಯುತ್ತಿದ್ದರೆ ಇಷ್ಟೆಲ್ಲ ವ್ಯರ್ಥ.

ಗಟಾರದ ಮೇಲಿನ ಫರಸಿಗಳ (ಚಪ್ಪಡಿ ಕಲ್ಲುಗಳ) ಸಂದು ಅರ್ಧ ಇಂಚು ಮೀರಬಾರದು, ಕೋಲಿನ ತುದಿ ಸಿಕ್ಕಿಕೊಳ್ಳುತ್ತದೆ. ಹೂಳೆತ್ತಲು ತೆಗೆದ ಫರಸಿ ಅಂದೇ ಹಿಂದಿರುಗಬೇಕೆಂದು ಕೆಲಸದ ಆದೇಶದಲ್ಲೇ ಬರೆಯಿಸಿ.

ಕಟ್ಟೆಯ ಹಿಂದಿನ ಗೋಡೆಗೆ ಹಿರಿಯರ ಸಹಾಯವಾಣಿ 14567 ಬರೆಸುತ್ತೇವೆ. ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದೆಂಬುದೂ ಅದರ ಕೆಳಗಿರಲಿ. ಹಳದಿಯ ಮೇಲೆ ಕಪ್ಪು, ಅಂಗೈಯಷ್ಟು ದೊಡ್ಡ ಅಕ್ಷರ. ಉದ್ಘಾಟಕರ ಹೆಸರು ಉಳಿದ ಜಾಗದಲ್ಲಿ.