ಅಜೆನ್‌ನಿಂದ ಮ್ವಾಸಾಕ್‌ಗೆ ಅಪ್ಪ ಅಮ್ಮನೊಂದಿಗೆ ಸೈಕಲ್‌ನಲ್ಲಿ: ನನ್ನ ಅನುಭವ

ಅರವತ್ತೈದು ದಾಟಿದ ಅಪ್ಪ ಅಮ್ಮನನ್ನು ಬ್ಯಾಟರಿಯಿಲ್ಲದ ಸೈಕಲ್‌ನಲ್ಲಿ ನೈರುತ್ಯ ಫ್ರಾನ್ಸ್‌ನ ಅಜೆನ್‌ನಿಂದ ಮ್ವಾಸಾಕ್‌ವರೆಗೆ ಕರೆದೊಯ್ಯುವುದು ಆಗದ ಮಾತು ಎಂದು ತುಲೂಸ್‌ನ ನಮ್ಮ ಕನ್ನಡ ಗೆಳೆಯರು ಒಮ್ಮತದಿಂದ ಹೇಳಿದ್ದರು. ಕಳೆದ ಸೆಪ್ಟೆಂಬರ್‌ನಲ್ಲಿ ಇಬ್ಬರೂ ಆ 45 ಕಿಲೋಮೀಟರ್ ದಾರಿಯನ್ನು ಎರಡು ದಿನಗಳಲ್ಲಿ, ಉಸ್ಸೆನ್ನದೆ ಮುಗಿಸಿದರು.

ಅದಕ್ಕೆ ಮೊದಲು ಕೈಕೊಟ್ಟ ಪ್ರಯತ್ನಗಳೂ ಇವೆ. ಗರೋನ್ ನದಿಯ ದಕ್ಷಿಣಕ್ಕಿರುವ ಹಳ್ಳಿ ರಸ್ತೆಗಳನ್ನು ನಾನೊಬ್ಬನೇ ಪರೀಕ್ಷಿಸಿದಾಗ, ನೋಟ ಚೆನ್ನಾಗಿದ್ದರೂ ಊರಿಗೊಂದು ಏರು ಎದುರಾಗಿ, ವಯಸ್ಸಾದವರಿಗೆ ಅದು ಸಲ್ಲದೆಂದು ಖಾತ್ರಿಯಾಯಿತು. ಸಾಮಾನಿಗೆಂದು ಬಾಡಿಗೆಗೆ ತಂದ ಟ್ರೇಲರ್‌ನ ಮೇಲೆ ಸುಮಾರು 40 ಯೂರೋ ವ್ಯರ್ಥವಾಯಿತು. ವಾಹನ ತಡೆಯುವ ಗೂಟಗಳ ನಡುವೆ ಅದನ್ನು ತೂರಿಸುವುದರಲ್ಲೇ ಹೊತ್ತು ಕಳೆಯುತ್ತಿತ್ತು.

ಕೊನೆಗೆ ಕೈಹಿಡಿದದ್ದು ನದಿಗೆ ಸಮಾನಾಂತರವಾಗಿ ಹರಿಯುವ, 1856ರಲ್ಲಿ ಪೂರ್ಣಗೊಂಡ ಗರೋನ್ ಕಾಲುವೆಯ ಏರಿ. ಡಾಂಬರು ಹಾಕಿದ ಈ ದಾರಿಯಲ್ಲಿ ಏರು ಸಿಗುವುದು ಲಾಕ್‌ಗಳ (ದೋಣಿಗಳನ್ನು ಮೇಲೆ ಕೆಳಗೆ ಸಾಗಿಸುವ ನೀರಿನ ಕಟ್ಟೆಗಳ) ಬಳಿ ಮಾತ್ರ, ಅದೂ ಹತ್ತಾರು ಹೆಜ್ಜೆಗಳಷ್ಟು. ನಿಜವಾದ ಲೆಕ್ಕಾಚಾರವಿರುವುದು ಗಾಳಿಯದು. ಪಡುವಣ ಗಾಳಿಯಿದ್ದರೆ ಅಜೆನ್‌ನಿಂದ ಹೊರಡಬೇಕು. ಆಗ್ನೇಯದಿಂದ ಓತಾನ್ ಗಾಳಿ ಬೀಸುವ ಸೂಚನೆಯಿದ್ದರೆ ಮ್ವಾಸಾಕ್‌ನಿಂದ ಹೊರಟು ಅಜೆನ್‌ನತ್ತ ಬರಬೇಕು. ರೈಲು ಹಳಿಯೂ ಪಕ್ಕದಲ್ಲೇ ಸಾಗುವುದರಿಂದ ದಿಕ್ಕನ್ನು ಹಿಂದಿನ ಸಂಜೆ ನಿರ್ಧರಿಸಿದರೂ ನಡೆಯುತ್ತದೆ, ಯಾರಾದರೂ ದಣಿದರೆ ನಡುವಿನ ನಿಲ್ದಾಣದಲ್ಲಿ ರೈಲು ಹತ್ತಲೂಬಹುದು. ಸೈಕಲ್‌ಗಳಿಗೆ ನಾವು ಬೇರೆ ಟಿಕೆಟ್ ಕೊಳ್ಳಲಿಲ್ಲ.

ಮೊದಲ ದಿನ ವಲಾನ್ಸ್ ದಾಜೆನ್‌ವರೆಗೆ 26 ಕಿಲೋಮೀಟರ್ ಇದ್ದಿರಬೇಕು. ಗಾಲ್ಫೆಶ್ ಅಣುಸ್ಥಾವರದ ಎರಡು ಶೀತಲ ಗೋಪುರಗಳು ಬಹು ದೂರದಿಂದಲೇ ಕಾಣುವುದರಿಂದ ಅಪ್ಪ ಉಳಿದ ದಾರಿಯನ್ನು ಅವುಗಳಿಂದಲೇ ಅಳೆಯುತ್ತಿದ್ದರು. ಮಧ್ಯಾಹ್ನ ಹನ್ನೆರಡಾದರೆ ಸಣ್ಣ ಊರುಗಳ ಅಂಗಡಿಗಳು ಮುಚ್ಚುತ್ತವೆಂದು ಪುಳಿಯೋಗರೆ ಕಟ್ಟಿಕೊಂಡಿದ್ದೆವು. ಸಂಜೆ ನಾನೊಬ್ಬನೇ ನದಿ ದಾಟಿ ಓವಿಲಾರ್ ಗುಡ್ಡ ಹತ್ತಿ, ಅಲ್ಲಿನ ದುಂಡನೆಯ ಧಾನ್ಯದ ಮಾರುಕಟ್ಟೆ ನೋಡಿ ಬಂದೆ. ಅದು ಗಟ್ಟಿ ಕಾಲುಗಳಿಗೆ ಮಾತ್ರ.

ಮೂರು ಸೈಕಲ್‌ಗಳ ಬಾಡಿಗೆ 100 ಯೂರೋ ಒಳಗೆ, ಕೋಣೆಗೆ 75ರ ಆಸುಪಾಸು. ಬ್ಯಾಟರಿ ಸೈಕಲ್ ತೆಗೆದುಕೊಂಡಿದ್ದರೆ ಬಾಡಿಗೆಯೇ ಇಮ್ಮಡಿಯಾಗುತ್ತಿತ್ತು.

ಮರುದಿನ ಹನ್ನೊಂದಕ್ಕೆಲ್ಲ ಮ್ವಾಸಾಕ್ ತಲುಪಿದ್ದರಿಂದ, 1100ರಲ್ಲಿ ಕಟ್ಟಿದ ಕ್ರೈಸ್ತ ಮಠದ ಪ್ರಾಕಾರದ 76 ಕೆತ್ತನೆಯ ಬೋದಿಗೆಗಳನ್ನು ಬಿಡುವಾಗಿ ನೋಡಿ, ಊರಿನ ಶಾಸ್ಲಾ ದ್ರಾಕ್ಷಿ ಕೊಂಡು, ಮಧ್ಯಾಹ್ನದ ರೈಲಿಗೆ ಸೈಕಲ್‌ಗಳನ್ನು ಹತ್ತಿಸಿದೆವು.